ಚಿನ್ನು ಭೂಶಿರ

ಇದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ. ದೆವ್ವದ ಕಥೆ ಹೇಳುವವರನ್ನು ಗೇಲಿ ಮಾಡುತ್ತಿದ್ದವನು ನಾನು. ಈಗ ಮಾಡುವುದಿಲ್ಲ.

ಕುವೈತ್‌ನಲ್ಲಿ ಹಡಗುಗಳಿಗೆ ನಕ್ಷೆ ತಯಾರಿಸುವ ಕಚೇರಿ ನಮ್ಮದು. ಆ ವಾರ ನನ್ನ ಪಾಲಿಗೆ ಬಂದದ್ದು ಅಂಟಾರ್ಟಿಕಾದ ಹತ್ತಿರದ ಒಂದು ನಿರ್ಜನ ದ್ವೀಪ. ಅದರ ಭೂಶಿರಗಳಿಗೆಲ್ಲ ಅಲ್ಲಿ ಸಿಕ್ಕಿಬಿದ್ದು ಮರಳದೇ ಹೋದ ನಾವಿಕರ ಹೆಸರು. ಕಡಲಿಗೆ ಚಾಚಿದ ಒಂದು ಕಪ್ಪು ಬಂಡೆಗೆ ಮಾತ್ರ ಹೆಸರಿರಲಿಲ್ಲ. ಮೂರು ಕಡೆ ನೀರು, ಬೆನ್ನಿಗೆ ಹಿಮದ ಗೋಡೆ.

ಹೆಸರಿನ ಜಾಗ ಖಾಲಿ ಬಿಟ್ಟರೆ ನಮ್ಮ ಕಂಪ್ಯೂಟರ್ ಒಪ್ಪುವುದಿಲ್ಲ. ಅದಕ್ಕೇ ಮನೆಯವರ ಹೆಸರು ಹಾಕಿಟ್ಟು ಆಮೇಲೆ ಅಳಿಸುವುದು ನಮ್ಮಲ್ಲಿ ರೂಢಿ. ನಾನು ಮಗಳ ಹೆಸರು ಹಾಕಿದೆ... ಚಿನ್ನು.

ರಾತ್ರಿ ಪಾಳಿಯಲ್ಲಿ ನಾನೊಬ್ಬನೇ. ಇದ್ದಕ್ಕಿದ್ದಂತೆ ಎಸಿ ನಿಂತಿತು. ಆದರೂ ಚಳಿ ಏರುತ್ತಲೇ ಹೋಯಿತು. ಕೊಳೆತ ಮೀನಿನ ವಾಸನೆ... ಗೋಡೆಯಾಚೆ ಬಂಡೆಗೆ ಅಲೆ ಬಡಿಯುವ ಸದ್ದು. ನಮ್ಮದು ಒಂಬತ್ತನೇ ಮಹಡಿ!

ಓಡಿಹೋಗಿ ಬಾಗಿಲಿಗೆ ಕಾರ್ಡ್ ಹಿಡಿದೆ. ತೆರೆಯಲಿಲ್ಲ. ಕೆಳಗಿದ್ದ ವಾಚ್‌ಮನ್‌ಗೆ ಫೋನ್ ಮಾಡಿದೆ. ಅವನು ಮೇಲೆ ಬಂದು, ಬಾಗಿಲ ಹೊರಗಿನಿಂದ ಫೋನಿನಲ್ಲೇ ಮಾತಾಡಿದ.

"ಭಾಯಿ, ದರ್ವಾಜಾ ಖುಲಾ ಹೈ... ಅಂದರ್ ಕೋಯಿ ನಹೀ."

ಬಾಗಿಲು ತೆರೆದೇ ಇದೆ, ಒಳಗೆ ಯಾರೂ ಇಲ್ಲವಂತೆ! ಮುಚ್ಚಿಯೇ ಇದ್ದ ಅದೇ ಬಾಗಿಲನ್ನು ನಾನು ಒಳಗಿನಿಂದ ಗುದ್ದುತ್ತಿದ್ದೆ.

ಅಷ್ಟರಲ್ಲಿ ಹೆಂಡತಿ ಸುಧಾಳ ಫೋನ್ ಬಂತು.

"ರೀ, ಚಿನ್ನು ಮೈಯೆಲ್ಲ ಐಸ್ ಆಗಿದೆ. ಎಷ್ಟು ಕೂಗಿದ್ರೂ ಏಳ್ತಿಲ್ಲ ಕಣ್ರೀ... ಬೇಗ ಬನ್ನಿ!"

"ಆಂಬುಲೆನ್ಸ್ ಕರಿ!"

"ಕರ್ದಿದೀನಿ... ರೀ, ಅವಳ ಕೂದಲಲ್ಲಿ ಮಂಜಿದೆ."

ಕಂಪ್ಯೂಟರ್ ಮುಂದೆ ಕುಕ್ಕರಿಸಿ ಹೆಸರು ಅಳಿಸಿದೆ. ಮತ್ತೆ ಬಂತು. ಬಾಯಿಗೆ ಬಂದ ಹೆಸರು ಹಾಕಿದೆ. ಮತ್ತೆ ಚಿನ್ನು... ನನಗೆ ಅಳು ಬಂದುಬಿಟ್ಟಿತು. ಕೊನೆಗೆ ಮರಗಟ್ಟಿದ ಬೆರಳಲ್ಲಿ ನನ್ನ ಹೆಸರು ಹಾಕಿದೆ.

ಅದು ಉಳಿಯಿತು.

ಬಾಗಿಲು ಟಕ್ಕೆಂದು ತೆರೆಯಿತು. ಫೋನಿನಲ್ಲಿ ಸುಧಾ ಅಳುತ್ತಾ ನಗುತ್ತಿದ್ದಳು. "ಕಣ್ಣು ಬಿಟ್ಳು ಕಣ್ರೀ!"

ಆ ಹೆಸರನ್ನು ಇವತ್ತಿಗೂ ಅಳಿಸಿಲ್ಲ. ಧೈರ್ಯ ಸಾಲದು. ಸುಡುಬಿಸಿಲಲ್ಲೂ ನನ್ನ ಕೈ ಬೆಚ್ಚಗಾಗುವುದಿಲ್ಲ.

ಅದನ್ನಾದರೂ ಸಹಿಸಿಕೊಳ್ಳಬಹುದು. ಆದರೆ ಆವತ್ತು ಮಂಗಫ್ ಬಡಾವಣೆಯ ನಮ್ಮ ಮನೆ ಸೇರಿ ಚಿನ್ನುವನ್ನು ಎತ್ತಿ ಎದೆಗೆ ಅವಚಿಕೊಂಡಾಗ, ಅವಳು ನನ್ನ ಮುಖವನ್ನೇ ನೋಡಿ ಪಿಸುಗುಟ್ಟಿದ್ದಳು.

"ಅಪ್ಪಾ... ವೈ ಡಿಡ್ ಯೂ ಸ್ಟೇ ದೇರ್, ಆನ್ ದಟ್ ರಾಕ್?"