ಅವ್ವನ ತವರಿನ ರಕ್ತ

ಈ ವರ್ಷ ಕಾರಹುಣ್ಣಿಮೆಯ ಮರುದಿನ ಮಧ್ಯಾಹ್ನ, ಜೇವರ್ಗಿ ಬಸ್ ನಿಲ್ದಾಣದ ಎದುರು, ನನ್ನ ಇಬ್ಬರು ಸೋದರಮಾವಂದಿರು ಅಪ್ಪನ ಬಲಗೈ ಮುರಿದರು. ಅವ್ವ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡು ಆಗಿನ್ನೂ ತಿಂಗಳಾಗಿರಲಿಲ್ಲ. ಅವಳು ಬೀಡಿ ಮುಟ್ಟಿದವಳಲ್ಲ, ಅಪ್ಪ ಸೇದುತ್ತಿದ್ದ.

“ನಿನ್ನ ಬೀಡಿ ಹೊಗೀನೇ ನಮ್ಮ ತಂಗೀನ ತಿಂದದಲೇ!” ಎನ್ನುತ್ತ ದೊಡ್ಡಮಾವ ಬಡಿಗೆ ಬೀಸಿದ. ಕೆಳಗೆ ಬಿದ್ದ ಅಪ್ಪನ ಎದೆಗೆ ಸಣ್ಣಮಾವ ಒದ್ದ. ಬಿಡಿಸಲು ಹೋದ ನನ್ನ ತುಟಿ ಒಡೆಯಿತು.

ಮುಂದಿನ ವಾರ, ಅವ್ವನಿಗೆ ಚಿಕಿತ್ಸೆ ಕೊಟ್ಟಿದ್ದ ಕಲಬುರಗಿಯ ಡಾಕ್ಟರು ನಮ್ಮನ್ನು ಕರೆಸಿದರು. ಚಿಕಿತ್ಸೆಯ ವೇಳೆ ತೆಗೆದಿದ್ದ ಅವಳ ರಕ್ತದಲ್ಲಿ ಹುಟ್ಟಿನಿಂದಲೇ ಬಂದ ವಂಶವಾಹಿಯ ಬದಲಾವಣೆಯೊಂದು ಕಂಡಿತ್ತು. ಅದು ಇದ್ದವರಿಗೆ ಸೇದದಿದ್ದರೂ ಈ ರೋಗ ಬರುವ ಸಾಧ್ಯತೆ ಹೆಚ್ಚು. ಅಪ್ಪನ ಹೊಗೆಯೂ ಹಾನಿ ಮಾಡಿರಬಹುದು, ಎಷ್ಟೆಂದು ಹೇಳಲಾಗದು ಎಂದರು. ಅವ್ವನ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು.

ದೊಡ್ಡಮಾವನಿಗೆ ಬಹಳ ದಿನದಿಂದ ಕೆಮ್ಮಿತ್ತು. ಅಪ್ಪ ಪ್ಲಾಸ್ಟರ್ ಹಾಕಿದ ಕೈಯಲ್ಲೇ ನನ್ನನ್ನು ಕರೆದುಕೊಂಡು ಅವ್ವನ ತವರೂರು ಇಜೇರಿಗೆ ಹೋದ. ದೊಡ್ಡಮಾವನ ಹೆಂಡತಿ ಕಾಲು ತೊಳೆಯಲು ನೀರಿನ ತಂಬಿಗೆ ತಂದಿಟ್ಟಳು.

“ನನ್ನ ಕೈ ಹೋಗ್ಲಿ ಬಿಡ್ರಿ, ನಿಮ್ಮ ಎದಿ ತೋರಿಸ್ಕೋರಿ” ಎಂದು ಅಪ್ಪ ಡಾಕ್ಟರ ಮಾತು ಹೇಳಿದ.

“ನಮ್ಮ ಮನೆತನದ ರಕ್ತದಾಗ ರೋಗ ಅದ ಅಂತೀಯೇನಲೇ? ನಾಳೆ ನಮ್ಮ ಮನಿ ಹೆಣ್ಣ ಯಾರ್ ತಗೋತಾರ?”

ದೊಡ್ಡಮಾವ ಅದೇ ತಂಬಿಗೆ ಎತ್ತಿ ಎಸೆದ. ಅಪ್ಪನ ಹುಬ್ಬು ಸೀಳಿತು.

ನನ್ನ ರಕ್ತದಲ್ಲೂ ಆ ಬದಲಾವಣೆ ಇದೆ. ಸಣ್ಣಮಾವ ಹೋದ ವಾರ, ಅಣ್ಣನಿಗೆ ಹೇಳದೆ, ಕಲಬುರಗಿಗೆ ಬಂದು ರಕ್ತ ಕೊಟ್ಟಿದ್ದಾನೆ. ದೊಡ್ಡಮಾವ ಇನ್ನೂ ಬಂದಿಲ್ಲ.