ಪ್ರೇಮಕ್ಕನ ಕ್ಯಾಂಡಿ, ಕಲ್ಲೇಶನ ಗ್ಯಾಸ್

ಬಾಳಗಡಿಯಲ್ಲಿ ಫ್ರಿಜ್ ರಿಪೇರಿ ಮಾಡುವ ಕಲ್ಲೇಶನಿಗೆ ಗ್ಯಾಸಿನ ಹುಚ್ಚು ಎಂದು ನಾವೆಲ್ಲ ನಗುತ್ತಿದ್ದೆವು. ಎಷ್ಟೋ ವರ್ಷ ಹಳೇ ಫ್ರಿಜ್ಜುಗಳ ಪೈಪು ಕತ್ತರಿಸಿ, ಒಳಗಿನ ಗ್ಯಾಸನ್ನು ಗಾಳಿಗೆ ಬಿಟ್ಟವನೇ ಅವನು. ಆ ಕಸುಬಿನವರೆಲ್ಲ ಹಾಗೇ ಮಾಡುತ್ತಿದ್ದರು. ಆಮೇಲೆ ಯಾವುದೋ ತರಬೇತಿಗೆ ಹೋಗಿ ಬಂದ. ಬಂದವನಿಗೆ ಎರಡು ದಿನ ಊಟ ಸೇರಲಿಲ್ಲ.

“ಆ ಗ್ಯಾಸ್ ಮಳೆಗೂ ಕರಗಲ್ಲ, ಇಲ್ಲಿನ ಬಿಸಿಲಿಗೂ ಜಗ್ಗಲ್ಲ ಮಾರಾಯ,” ಎಂದಿದ್ದ, ನನ್ನ ಸೈಕಲ್ ಅಂಗಡಿಯಲ್ಲಿ ಕೂತು. “ವರ್ಷಗಟ್ಲೆ ತೇಲಿ ಮೋಡಕ್ಕಿಂತ ಎಷ್ಟೋ ಮೇಲೆ ಹೋಗ್ತದೆ. ಅಲ್ಲಿನ ಬಿಸಿಲೇ ಬೇರೆ. ಅದು ಗ್ಯಾಸನ್ನ ಸೀಳಿ ಕ್ಲೋರಿನ್ ಬಿಡಿಸ್ತದೆ. ಒಂದೊಂದು ಕ್ಲೋರಿನ್ ಕಣ ಸಾವಿರಾರು ಓಝೋನ್ ಕಣ ಹಾಳ್ ಮಾಡ್ತದಂತೆ. ಸುಡೋ ಕಿರಣ ತಡೆಯೋದೇ ಆ ಓಝೋನು! ನಾನು ಬಿಟ್ಟಿದ್ದು ಇವತ್ತಿಗೂ ಅಲ್ಲಿ ಒಡೀತಾ ಇದೆ.”

ಕಳೆದ ಮಾರ್ಚಿನ ಒಂದು ಮಧ್ಯಾಹ್ನ ಅವನ ಜೊತೆ ಕಮ್ಮರಡಿಗೆ, ಪ್ರೇಮಕ್ಕನ ಐಸ್ ಕ್ಯಾಂಡಿ ಅಂಗಡಿಗೆ ಹೋಗಿದ್ದೆ. ಅವರ ಹಳೇ ಫ್ರೀಜರ್ ಗುಜರಿಗೆ ಹೊರಟಿತ್ತು. ಅದಕ್ಕೂ ಮೊದಲು ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳಲೇಬೇಕು ಎಂಬುದು ಕಲ್ಲೇಶನ ಹಟ. ಪೈಪು ಜೋಡಿಸಿ ಗ್ಯಾಸ್ ಎಳೆಯುವ ಮಷೀನ್ ಹಾಕಿದ. ಐದೇ ನಿಮಿಷಕ್ಕೆ ಕರೆಂಟ್ ಹೋಯಿತು. ಫ್ರೀಜರ್ ಒಯ್ಯಲು ಆಟೋ ತಂದು ಕಾದಿದ್ದ ಗುಜರಿ ಭೈರಪ್ಪನಿಗೆ ತಾಳ್ಮೆ ಎಲ್ಲಿಯದು? ಫ್ರೀಜರನ್ನು ಅಂಗಳಕ್ಕೆ ಎಳೆದೇಬಿಟ್ಟ. ಹಿಂಬದಿಯ ತಾಮ್ರದ ಪೈಪು ಬಾಗಿ ಸೀಳಿ, ಸುಂಯ್ ಎಂದಿತು.

ಕಲ್ಲೇಶ ಓಡಿಹೋಗಿ ಸೀಳಿನ ಮೇಲೆ ಹೆಬ್ಬೆರಳು ಒತ್ತಿದ. ಸಿಲಿಂಡರನ್ನು ಬೈಕಿಗೆ ಕಟ್ಟಿದ್ದ ಟ್ಯೂಬಿನ ಪಟ್ಟಿ ಬಿಚ್ಚಿ ತಂದು ನಾನು ಸುತ್ತಿದೆ. ಬೆರಳು ತೆಗೆದರೆ ಮತ್ತೆ ಸುಂಯ್. ಒತ್ತಿಕೊಂಡೇ ಕೂತ. ಬೆರಳಿನ ಸುತ್ತ ಬೆಳ್ಳಗೆ ಹಿಮ ಕಟ್ಟತೊಡಗಿತು. ನಾನು ಅವನ ತೋಳು ಹಿಡಿದೆಳೆದೆ.

“ಬಿಡೋ, ಬೆರಳು ಹೋಗ್ತದೆ!”

ಅವನು ನನ್ನ ಕಡೆ ನೋಡಲೇ ಇಲ್ಲ. “ಪ್ರೇಮಕ್ಕ, ಕ್ಯಾಂಡಿ ಎಲ್ಲ ಬಕೆಟ್‌ಗೆ ಸುರೀರಿ, ಉಪ್ಪು ಹಾಕಿ. ಸಿಲಿಂಡರ್ ಅದ್ರಲ್ಲಿ ಇಡಿ. ಫ್ರೀಜರ್ ಬಿಸಿಲಲ್ಲಿದೆ. ಸಿಲಿಂಡರ್ ತಣ್ಣಗಾದ್ರೆ ಗ್ಯಾಸ್ ತಾನಾಗೇ ಅತ್ಲಾಗೆ ಹೋಗ್ತದೆ.”

“ನಾಳೆ ಶಾಲೆ ಸ್ಪೋರ್ಟ್ಸಿಗೆ ಮಾಡಿಟ್ಟಿದ್ದು ಮಾರಾಯ! ಕಣ್ಣಿಗೆ ಕಾಣದ ಗಾಳಿಗೆ ಸುರೀಲಾ?”

ಪ್ರೇಮಕ್ಕ ಗದರಿದರು. ಆದರೆ ಅವನ ಬೆರಳು ಕಂಡದ್ದೇ ಮಾತು ನಿಲ್ಲಿಸಿ ಒಳಗೆ ಹೋದರು. ಹೊಸ ಫ್ರೀಜರಿನಲ್ಲಿದ್ದ ಕೆಂಪು, ಕಿತ್ತಳೆ ಕ್ಯಾಂಡಿಗಳೆಲ್ಲ ಕಡ್ಡಿ ಸಮೇತ ಬಕೆಟ್ಟಿಗೆ ಬಿದ್ದವು. ಫ್ರೀಜರಿನ ಪೈಪಿಗೆ ಹಾಕಿದ್ದ ಒತ್ತಡದ ಮೀಟರಿನ ಮುಳ್ಳು ಅಲುಗಲಿಲ್ಲ. ಹತ್ತು ನಿಮಿಷ ಹಾಗೇ ಕಳೆಯಿತು. ಆಮೇಲೆ ಮುಳ್ಳು ಮೆಲ್ಲಗೆ ಇಳಿಯಿತು; ಗ್ಯಾಸ್ ಸಿಲಿಂಡರಿಗೆ ಹೋಗತೊಡಗಿತ್ತು. ಇನ್ನಷ್ಟು ಹೊತ್ತಿಗೆ ಕರೆಂಟೂ ಬಂದು, ಉಳಿದದ್ದನ್ನು ಮಷೀನ್ ಎಳೆಯಿತು.

ಸಿಲಿಂಡರ್ ತೂಗಿದರೆ, ಸೇರಿದ ಗ್ಯಾಸ್ ಮುನ್ನೂರ ಹತ್ತು ಗ್ರಾಂ.

“ಇಷ್ಟೇನಾ?” ಎಂದರು ಪ್ರೇಮಕ್ಕ. ಬೊಬ್ಬೆ ಎದ್ದ ಆ ಹೆಬ್ಬೆರಳನ್ನು ತಮ್ಮೆರಡು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡುತ್ತಿದ್ದರು.

“ಇಷ್ಟೇ ಅಕ್ಕ. ಮೊದ್ಲು ಬಿಟ್ಟಿದ್ದು ಹಿಡಿಯೋಕಾಗಲ್ಲ.”

ಭೈರಪ್ಪ ಅಷ್ಟು ಹೊತ್ತೂ ಫ್ರಿಜ್ ಒಡೆಯುವ ಸುತ್ತಿಗೆ ಹಿಡಿದು ನಿಂತೇ ಇದ್ದ. “ನಾನು ಒಡೆದ ಫ್ರಿಜ್ಜುಗಳದ್ದೂ ಮೇಲೇ ಇದೆಯಾ?” ಎಂದು ಸಣ್ಣ ದನಿಯಲ್ಲಿ ಕೇಳಿದ.

“ಇದೆ. ನನ್ನದ್ರ ಜೊತೆಗೇ ಇದೆ,” ಎಂದ ಕಲ್ಲೇಶ.

ಭೈರಪ್ಪ ಸುತ್ತಿಗೆಯನ್ನು ಆಟೋ ಸೀಟಿನ ಕೆಳಗೆ ತಳ್ಳಿದ.