ಅಮಾವಾಸ್ಯೆಯ ಸೀಡಿಗಳು

ಚಿನ್ನೂ, ಪುಟ್ಟೀ,

ನಿಮ್ಮ ತಾತ ಕಂಪ್ಲಿಯ ಬಸ್ ನಿಲ್ದಾಣದ ಎದುರು ಟೈಪಿಂಗ್ ಅಂಗಡಿ ಇಟ್ಟಿದ್ದರು ಎಂಬುದು ನಿಮಗೆ ಗೊತ್ತು. ಅಲ್ಲಿ ಟೈಪ್ ಮಾಡುತ್ತಿದ್ದವಳು ನಾನು ಎಂಬುದು ಗೊತ್ತಿರಲಿಕ್ಕಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು ನಾನು, ಜನರ ಎದುರು ಕೂರಲು ನಾಚಿಕೆ. ಹಲಗೆಯ ಮರೆಯಲ್ಲಿ ಕುಳಿತು ಕೀಲಿ ಒತ್ತುತ್ತಿದ್ದೆ. ಗಿರಾಕಿಗಳ ಜೊತೆ ಮಾತೆಲ್ಲ ಅವರದು. ಮದುವೆ ಪತ್ರಿಕೆ, ಅರ್ಜಿ, ಪಂಚಾಯಿತಿ ನೋಟಿಸು ಎಲ್ಲವೂ ಬರುತ್ತಿದ್ದವು. ಕಮಲಾಪುರದ ಉಪನ್ಯಾಸಕರೊಬ್ಬರು ಪಿಯುಸಿ ಮಕ್ಕಳಿಗಾಗಿ ಬರೆದ ಇತಿಹಾಸದ ನೋಟ್ಸನ್ನೂ ನಾನೇ ಟೈಪ್ ಮಾಡಿದ್ದೆ.

ತಾತ ಹೋದ ಮೇಲೆ ಅಂಗಡಿ ಬಿಟ್ಟು ಮನೆಯಲ್ಲೇ ಕೆಲಸ ಮುಂದುವರಿಸಿದೆ. ಅಷ್ಟರಲ್ಲಿ, ಸರ್ಕಾರಿ ಕಚೇರಿಗೆ ಕೊಡುವ ಕನ್ನಡವೆಲ್ಲ ಯುನಿಕೋಡಿನಲ್ಲೇ ಇರಬೇಕೆಂಬ ನಿಯಮ ಬಂತು. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಅಕ್ಷರವಾಗಿಯೇ ಕಾಣುವ ಪದ್ಧತಿ ಅದು. ನಮ್ಮ ಹಳೆಯ ಫಾಂಟು ಹಾಗಲ್ಲ. ಅದಿಲ್ಲದ ಕಂಪ್ಯೂಟರಿನಲ್ಲಿ ಬರೆದದ್ದೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಗೀಚಾಗಿ ಕಾಣುತ್ತದೆ. ಹೊಸ ಕಂಪ್ಯೂಟರ್ ಕೊಂಡು ಹೊಸದನ್ನು ಕಲಿತೆ. ಹಳೆಯದು ಮೂಲೆಯಲ್ಲಿ ಕೆಟ್ಟು ಕೂತಿತು.

ಒಂದು ಬೆಳಿಗ್ಗೆ ಎಮ್ಮಿಗನೂರಿನಿಂದ ತಾಯಿ ಮಗಳು ಬಂದರು. ಮಗಳಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ.

"ಅಕ್ಕಾರ, ಕಮಲಾಪುರದ ಸರ್ ಬರೆದ ಇತಿಹಾಸದ ನೋಟ್ಸು ನಿಮ್ಮ ಹತ್ರ ಐತಂತ. ಪರೀಕ್ಷಿಗೆ ಆರು ವಾರ ಉಳದೈತಿ," ಅಂದಳು ತಾಯಿ.

"ಯಾರಾದ್ರೂ ಪುಸ್ತಕ ಓದಿ ಹೇಳಿದ್ರ ಆಗಂಗಿಲ್ಲೇನು?" ಎಂದೆ.

ಹುಡುಗಿಯೇ ಉತ್ತರ ಕೊಟ್ಟಳು. "ಓದಿ ಹೇಳೋರು ಒಂದು ಸಲ ಹೇಳ್ತಾರಮ್ಮಾ, ಎರಡನೇ ಸಲ ಆಕಳಿಸ್ತಾರ. ನನ್ನ ಫೋನು ಆಕಳಿಸಂಗಿಲ್ಲ. ಅಕ್ಷರ ಕೊಟ್ರ ಹತ್ತು ಸಲ ಓದತೈತಿ. ಹೋದ ವರ್ಷ ಇತಿಹಾಸದಾಗ ಫೇಲಾಗೀನಿ. ಈ ಸಲನೂ ಆದ್ರ ಕಾಲೇಜು ಸಾಕು ಅಂದಾನ ನಮ್ಮಪ್ಪ."

ಉಪನ್ಯಾಸಕರು ತೀರಿಕೊಂಡಿದ್ದರು. ಅಚ್ಚಾದ ಪ್ರತಿ ಒಂದೂ ಉಳಿದಿರಲಿಲ್ಲ. ಉಳಿದಿದ್ದರೆ ತಾತನ ಬ್ಯಾಕಪ್ಪಿನಲ್ಲಿ ಮಾತ್ರ.

ಅಮಾವಾಸ್ಯೆ ದಿನ ಅಂಗಡಿ ಪೂಜೆ ಇರುತ್ತಿತ್ತು, ಗಿರಾಕಿಗಳು ಕಡಿಮೆ. ಆ ಬಿಡುವಿನಲ್ಲಿ ಅವರು ಎಲ್ಲ ಕಡತಗಳನ್ನೂ ಒಂದು ಸೀಡಿಗೆ ನಕಲು ಮಾಡಿ ತಾರೀಖು ಬರೆದಿಡುತ್ತಿದ್ದರು. ತಿಂಗಳು ತಿಂಗಳು ಹೀಗೆಯೇ. ಟ್ರಂಕಿನಲ್ಲಿ ಹದಿನೇಳು ಸೀಡಿ ಸಿಕ್ಕವು. ನನ್ನ ಹೊಸ ಕಂಪ್ಯೂಟರಿನಲ್ಲಿ ಸೀಡಿ ಹಾಕುವ ಜಾಗವೇ ಇರಲಿಲ್ಲ. ಸಂಡೂರಿನಲ್ಲಿ ಗಣಿಯ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮನೆಯಲ್ಲಿ ಹಳೆಯ ಕಂಪ್ಯೂಟರ್ ಇತ್ತು. ಬಸ್ಸು ಹತ್ತಿದೆ.

ತಮ್ಮ ಮೊದಲ ಸೀಡಿ ತಿರುಗಿಸಿ ನೋಡಿದ. ಎರಡನೆಯದು, ಮೂರನೆಯದು ನೋಡಿದ. ಆಮೇಲೆ ಜೋರಾಗಿ ನಕ್ಕ.

"ಅಕ್ಕಾ, ಇವೇನು ಸೀಡಿನೋ ಗುಡಿ ಕಂಬನೋ?"

ಪ್ರತಿಯೊಂದರ ಹೊಳೆಯುವ ಬದಿಗೂ ಅರಿಶಿನ ಕುಂಕುಮ ಒಣಗಿ ಅಂಟಿತ್ತು. ಪೂಜೆಯಲ್ಲಿ ಹಚ್ಚಿದವಳು ನಾನೇ.

"ನಗಬ್ಯಾಡಲೇ. ತಾರೀಖು ಮುಚ್ಚಬಾರದಂತ ಈ ಕಡಿ ಹಚ್ಚಿದೆ."

"ಭಾಳ ಶಾಣ್ಯಾಕಿ ನೀನು! ಮಷೀನು ಓದೋದು ಈ ಕಡಿನ. ಭಾವ ಜೋಪಾನ ಮಾಡಿಟ್ರ ನೀನು ಪೂಜಿ ಮಾಡಿ ಕೆಡಿಸೀದಿ."

ನನಗೆ ನಗು ಬರಲಿಲ್ಲ. ಆ ಹುಡುಗಿಯ ಆರು ವಾರ ಕಣ್ಣ ಮುಂದೆ ಬಂತು. ಗಾಬರಿಯಲ್ಲಿ ಒಂದನ್ನು ಉಗುರಿನಿಂದ ಕೆರೆದೆ, ಗೀರು ಬಿದ್ದು ಅದು ಹಾಳಾಯಿತು. ತಮ್ಮ ಕೈ ಹಿಡಿದು ನಿಲ್ಲಿಸಿದ. ಬೆಚ್ಚಗಿನ ನೀರಿಗೆ ಒಂದು ಹನಿ ಶಾಂಪೂ ಹಾಕಿ, ಹಳೆಯ ಪಂಚೆಯ ತುಂಡಿನಿಂದ ನಡುವಿನಿಂದ ಅಂಚಿಗೆ ಒರೆಸಲು ತೋರಿಸಿದ. ಸಂಜೆಯವರೆಗೂ ಇಬ್ಬರೂ ಒರೆಸಿದೆವು. ಆರು ಸೀಡಿಗಳು ಓಡಿದವು, ಅವೂ ತುಂಡು ತುಂಡಾಗಿ. ತಿಂಗಳು ತಿಂಗಳು ಅದನ್ನೇ ನಕಲು ಮಾಡಿದ್ದರಿಂದ ಒಂದರಲ್ಲಿ ಹಾಳಾದ ಅಧ್ಯಾಯ ಇನ್ನೊಂದರಲ್ಲಿ ಸಿಕ್ಕಿತು. ನೋಟ್ಸಿನ ಹನ್ನೊಂದು ಅಧ್ಯಾಯಗಳಲ್ಲಿ ಹತ್ತು ಸಿಕ್ಕವು. ಒಂದು ಎಲ್ಲಿಯೂ ಇರಲಿಲ್ಲ.

ಹಳೆಯ ಅಕ್ಷರವನ್ನು ಯುನಿಕೋಡಿಗೆ ಬದಲಿಸುವ ತಂತ್ರಾಂಶ ಇದೆ. ಸಿಕ್ಕಿದ್ದನ್ನು ಪೆನ್‌ಡ್ರೈವಿನಲ್ಲಿ ಮನೆಗೆ ತಂದು, ಬದಲಿಸಿ ಹುಡುಗಿಯ ಫೋನಿಗೆ ಹಾಕಿದೆ. ಅವಳು ಸ್ವಲ್ಪ ಕೇಳಿ ಹುಬ್ಬು ಗಂಟಿಕ್ಕಿದಳು.

"ಅಮ್ಮಾ, ಫೋನಿಗೆ ದಮ್ಮು ಹತ್ತೈತೇನು? ನಾಕು ಮಾತಿಗೊಮ್ಮೆ ನಿಲ್ಲತೈತಿ."

ಅದೂ ನನ್ನದೇ ಕೆಲಸ. ಕಾಗದದ ಮೇಲೆ ಅಂಚು ಸಮನಾಗಿ ಕಾಣಲೆಂದು ಸಾಲು ಮುಗಿದಲ್ಲೆಲ್ಲ ಎಂಟರ್ ಒತ್ತಿದ್ದೆ, ಅದು ಸಿಕ್ಕಲ್ಲೆಲ್ಲ ಫೋನು ನಿಲ್ಲುತ್ತಿತ್ತು. ಕಣ್ಣಿಗೆ ಚಂದ ಮಾಡಿದ್ದೆನೇ ಹೊರತು, ಇದನ್ನು ಕಿವಿಯಿಂದ ಓದುವವರೂ ಇರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಆವತ್ತು ಅವಳಿಗೆ ಕುಂಕುಮದ ಕತೆ, ಕಳೆದುಹೋದ ಅಧ್ಯಾಯ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಹತ್ತು ನಮಗ, ಒಂದು ದೇವರಿಗೆ ಅನ್ರಿ," ಎಂದಳು. "ಪುಸ್ತಕದಾಗಿನ ಆ ಪಾಠ ಗೆಳತಿ ಕಡಿಂದ ಓದಿಸ್ತೀನಿ. ಒಂದಕ್ಕ ಆಕಳಿಸಿದ್ರ ಆಕಳಿಸ್ಲಿ."

ದಿನ ಬಿಟ್ಟು ದಿನ ಬಸ್ಸಿನಲ್ಲಿ ಬಂದಳು. ಅವಳು ಕೇಳಿ ತಡವರಿಕೆ ಎಲ್ಲಿ ಎಂದು ಹೇಳುವಳು, ನಾನು ಅಳಿಸುವೆ. ಹಂಪಿ ಅರಸರ ಕಾಲದ ಕಾಲುವೆಗಳ ಭಾಗ ಬಂದಾಗ ಎದ್ದೇ ನಿಂತಳು. "ನಮ್ಮ ಗದ್ದಿಗೆ ನೀರು ಬರೋ ಕಾಲುವಿ ಇದು! ದಿನಾ ಕಾಲು ತೊಳಿತೀನಿ, ಪರೀಕ್ಷ್ಯಾಗ ಬರತೈತಂತ ಗೊತ್ತಿರಲಿಲ್ಲ ನೋಡ್ರಿ."

ಮೂರನೆಯ ವಾರದ ಹೊತ್ತಿಗೆ ಫೋನು ಉಸಿರು ಕಟ್ಟದೆ ಓದತೊಡಗಿತು. ಹಲಗೆಯ ಮರೆಯಿಲ್ಲದೆ, ಒಬ್ಬರ ಪಕ್ಕದಲ್ಲಿ ಕುಳಿತು ನಾನು ಕೆಲಸ ಮಾಡಿದ್ದು ಅದೇ ಮೊದಲು.

ಫಲಿತಾಂಶದ ದಿನ ಫೋನು ಮಾಡಿದ್ದು ಅವಳಲ್ಲ, ಅವಳ ಅಪ್ಪ. ಸ್ವಲ್ಪ ಹೊತ್ತು ಕೆಮ್ಮಿ, "ಅಮ್ಮಾರ, ಹೊಸಪೇಟ್ಯಾಗ ಡಿಗ್ರಿಗೆ ಯಾವ ಕಾಲೇಜು ಚಲೋ ಐತ್ರಿ?" ಎಂದು ಕೇಳಿದರು. ಪಾಸಾದ ಸುದ್ದಿ ಹೇಳಲು ಅವರು ಮರೆತೇಬಿಟ್ಟಿದ್ದರು. ನಾನೂ ಕೇಳಲಿಲ್ಲ.

ಈಗ ಅವಳು ಹೊಸಪೇಟೆಯಲ್ಲಿ ಓದುತ್ತಾಳೆ. "ನಿಮ್ಮದೂ ಏನಾರ ಬರೀರಿ, ನಾನು ಕೇಳ್ತೀನಿ" ಎಂದು ಅವಳೇ ಹಟ ಹಿಡಿದಿದ್ದಕ್ಕೆ ಇದನ್ನು ಬರೆದೆ. ನಿಮಗೆ ಕಾಗದದಲ್ಲೂ ಕೊಡುತ್ತಿದ್ದೇನೆ, ಕಡತವಾಗಿಯೂ ಕಳಿಸುತ್ತಿದ್ದೇನೆ. ಬೇರೆ ಬೇರೆ ಕಡೆ ಇಡಿ. ಇಟ್ಟು ಮರೆಯಬೇಡಿ, ವರ್ಷಕ್ಕೊಮ್ಮೆ ತೆರೆದು ನೋಡಿ. ಹಳೆಯ ಯಂತ್ರ ಇನ್ನೂ ಓಡುತ್ತಿರುವಾಗಲೇ ಹೊಸದಕ್ಕೆ ಸಾಗಿಸಿ. ಮಕ್ಕಳೇ, ಈ ಹಾಳೆಗಳು ಜೋಪಾನ.